ಆ ಮಣ್ಣಿನಲ್ಲೊಂದು ಸಮಾಧಿ

ಲಂಡನ್ನಿನ ಇಲ್ಫರ್ಡಿನ ಹೋಟೆಲೊಂದರ ಅಡುಗೆಮನೆಯಲ್ಲಿ ಸುಗಂಧಿ ತೆಂಗಿನಕಾಯಿ ಒಡೆಯುವ ಸದ್ದಿಗೆ ಹೊಸಬರು ಬೆಚ್ಚಿಬೀಳುತ್ತಾರೆ. ಅವಳು ಕತ್ತಿ ಮುಟ್ಟುವುದಿಲ್ಲ. ಕಾಯನ್ನು ಎತ್ತಿ ಕಲ್ಲಿಗೆ ಅಪ್ಪಳಿಸುತ್ತಾಳೆ. ಕತ್ತಿ ಕಂಡರೆ ಗಂಡ ಉಮಾನಾಥ ಕಣ್ಣಮುಂದೆ ಬರುತ್ತಾನೆ.

ಉಮಾನಾಥನ ಅಜ್ಜ ಕುಂದಾಪುರದಿಂದ ಆಫ್ರಿಕಾದ ದೇಶವೊಂದಕ್ಕೆ ಹೋಗಿ ಬಟ್ಟೆ ಅಂಗಡಿ ಇಟ್ಟವನು. ಮೂರು ತಲೆಮಾರು ಅಲ್ಲೇ ಬಾಳಿದರೂ ಅವರಿಗೆ ಪೌರತ್ವ ಸಿಗಲಿಲ್ಲ. ಅಂತರ್ಯುದ್ಧ ಹತ್ತಿಕೊಂಡಾಗ ಹೊರಗಿನವರ ಬೇಟೆ ಶುರುವಾಯಿತು. ಊರು ಬಿಟ್ಟು ಓಡುವಾಗ ದಾರಿಯಲ್ಲಿ ಬಂದೂಕು, ಕತ್ತಿ ಹಿಡಿದವರು ಕಾರು ತಡೆದರು.

"ಈ ಮಣ್ಣಿನವನಾದರೆ ನಿನ್ನ ಅಜ್ಜನ ಸಮಾಧಿ ತೋರಿಸು."

"ನಮ್ಮಲ್ಲಿ ಹೂಳುವುದಿಲ್ಲ, ಸುಡುತ್ತೇವೆ" ಎಂದುಬಿಟ್ಟ ಉಮಾನಾಥ. ಪಾಪ, ಸುಳ್ಳು ಹೇಳಲು ಬಾರದ ಜೀವ! ಯಾವುದಾದರೂ ಕಲ್ಲು ತೋರಿಸಿದ್ದರೆ ಬದುಕುತ್ತಿದ್ದನೋ ಏನೋ. ಕತ್ತಿ ಮೊದಲು ಭುಜಕ್ಕೆ, ಆಮೇಲೆ ಕುತ್ತಿಗೆಗೆ ಬಿತ್ತು. ಕೂಸು ಮಗಳು ಸೃಷ್ಟಿಯ ಬಾಯಿ ಮುಚ್ಚಿಕೊಂಡು ಸುಗಂಧಿ ಎಲ್ಲವನ್ನೂ ಕಂಡಳು. ಇತರ ಹೆಣಗಳ ಜೊತೆ ಅವನನ್ನೂ ಗುಂಡಿಗೆ ದಬ್ಬಿ ಮಣ್ಣು ಮುಚ್ಚಿದರು.

ಸುಗಂಧಿ ಪಾರಾಗಿ ಲಂಡನ್ನಿಗೆ ಬಂದು, ಸೃಷ್ಟಿ ಅಲ್ಲೇ ಬೆಳೆದ ಮೇಲೆ, ಕಡೆಗೆ ಆ ದೇಶದಲ್ಲಿ ಶಾಂತಿ ಒಪ್ಪಂದವಾಯಿತು. ಹೊರಗಿನವರು ಎನಿಸಿಕೊಂಡವರಿಗೆಲ್ಲ ಪೌರತ್ವ ಎಂದು ಅದರಲ್ಲಿ ಮಾತು ಕೊಟ್ಟರು. ಗುಂಡಿಗಳನ್ನೂ ಅಗೆಯತೊಡಗಿದರು, ಆದರೆ ಮೂಳೆ ಕೊಡುವುದು ಪೌರರಿಗೆ ಮಾತ್ರ. ಸುಗಂಧಿಗೆ ಆ ದೇಶ ಬೇಕಿರಲಿಲ್ಲ. ಸುಡದೆ ಬಿದ್ದಿರುವ ಗಂಡನಿಗೆ ಬೆಂಕಿ ಕಾಣಿಸಬೇಕಿತ್ತು, ಅಷ್ಟೇ.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಲಂಡನ್ನಿನಲ್ಲಿದ್ದ ಆ ದೇಶದ ರಾಯಭಾರ ಕಚೇರಿಯಲ್ಲಿ, ಗಾಜಿನ ಹಿಂದೆ ಕುಳಿತ ಗುಮಾಸ್ತ ಪೌರತ್ವದ ಅರ್ಜಿಯಿಂದ ತಲೆ ಎತ್ತದೆ ಕೇಳಿದ:

"ನಿಮ್ಮ ಮನೆಯವರ ಸಮಾಧಿ ನಮ್ಮ ಮಣ್ಣಿನಲ್ಲಿ ಇದೆಯೇ?"

ಅದೇ ಪ್ರಶ್ನೆ! ಸುಗಂಧಿಯ ಮೈಯೆಲ್ಲ ಉರಿದುಹೋಯಿತು. ಪಕ್ಕದ ಕಬ್ಬಿಣದ ಸ್ಟೂಲನ್ನು ಎತ್ತಿ, ಕಾಯಿ ಅಪ್ಪಳಿಸುವಂತೆಯೇ ಗಾಜಿಗೆ ಅಪ್ಪಳಿಸಿದಳು. ಗಾಜು ಪುಡಿಯಾಗಿ ಗುಮಾಸ್ತನ ಕೆನ್ನೆ ಸೀಳಿತು. ಕಾವಲುಗಾರ ಓಡಿಬಂದು ಅವಳನ್ನು ನೆಲಕ್ಕೆ ಕೆಡವಿ ಬೆನ್ನ ಮೇಲೆ ಮಂಡಿಯೂರಿದ.

"ಅಮ್ಮಾ, ಸ್ಟಾಪ್ ಇಟ್!" ಜೊತೆಗೆ ಬಂದಿದ್ದ ಸೃಷ್ಟಿ ಚೀರಿದಳು.

ನೆಲಕ್ಕೊತ್ತಿದ ಬಾಯಿಂದಲೇ ಸುಗಂಧಿ ಕೂಗಿದಳು: "ಇತ್ತ್ ಅಂದೇಳ್ ಮಗಾ! ನನ್ ಗಂಡನ್ನ ಕಡ್ದ್ ಅವ್ರೇ ಹುಗ್ದಿದ್ರ್ ಅಲ್ದಾ, ಅದೇ ಸಮಾಧಿ! ಈಗ ನಾವೂ ಆ ಮಣ್ಣಿನವ್ರೇ. ಮೂಳೆ ಕೊಡೂಕ್ ಹೇಳ್, ಸುಡ್ಕ್!"

ಮನೆಯಲ್ಲಿ ಯಾವತ್ತೂ ಕನ್ನಡಕ್ಕೆ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಸೃಷ್ಟಿ, 'ಇದೆ' ಎಂಬಲ್ಲಿಂದ ಒಂದು ಮಾತೂ ಬಿಡದೆ ಅಳುತ್ತ ಅದನ್ನು ಗುಮಾಸ್ತನಿಗೆ ಇಂಗ್ಲಿಷಿನಲ್ಲಿ ಹೇಳಿದಳು.

ಗುಮಾಸ್ತ ಕೆನ್ನೆಯ ರಕ್ತ ಒರೆಸಿಕೊಂಡ. ಆಮೇಲೆ ಪೆನ್ನು ತೆಗೆದುಕೊಂಡು, ಅರ್ಜಿಯಲ್ಲಿ ಸಮಾಧಿ ಇದೆ ಎಂದು ಬರೆದುಕೊಂಡ.