ಮ್ಯಾಲರಿ ಎಂಬ ಹೆಸರಿಗೆ ನಾನು ಬರೆದ ಅರ್ಥ

ಕೋವಿಡ್ ಕಳೆದು ಎರಡು ವರ್ಷವಾಗಿತ್ತು. ಈ ಪರದೇಶದ ಒಶಾವಾ ಊರಿನ ಹೈಸ್ಕೂಲೊಂದರಲ್ಲಿ ಇಪ್ಪತ್ತೇಳು ವರ್ಷ ಫ್ರೆಂಚ್ ಕಲಿಸಿ ನಿವೃತ್ತಳಾದ ನಾನು, ಮನೆಯಲ್ಲಿ ಕೂತು ಕೂತು ಸಾಕಾಗಿ, ಯೂನಿಯನ್‌ವಿಲ್ ಹತ್ತಿರದ ಒಂದು ಸಣ್ಣ ಕಂಪನಿಯಲ್ಲಿ ಅರೆಕಾಲಿಕ ಕೆಲಸಕ್ಕೆ ಸೇರಿದೆ. ಮಕ್ಕಳಿಗಿಡುವ ಹೆಸರುಗಳನ್ನೂ ಅವುಗಳ ಅರ್ಥವನ್ನೂ ಪಟ್ಟಿ ಮಾಡುವ ವೆಬ್‌ಸೈಟು ಅದು. ನನ್ನ ಹುದ್ದೆಯ ಹೆಸರು ‘ಅರ್ಥ ಪರಿಶೀಲಕಿ’. ಹಳೆಯ ಫ್ರೆಂಚ್ ಓದಿದ್ದರಿಂದ ನಾರ್ಮನ್ ಮೂಲದ 214 ಹೆಸರುಗಳ ಪಟ್ಟಿ ನನ್ನ ಪಾಲಿಗೆ ಬಂತು. ಪ್ರತಿ ಹೆಸರಿನ ಅರ್ಥ ಸರಿಯಿದೆಯೇ ಎಂದು ನೋಡಿ ಒಪ್ಪಿಗೆ ಕೊಡುವುದು ಕೆಲಸ. ವಾರಕ್ಕೆ ಎರಡು ದಿನ, ಪೋಷಕರು ಬಯಸಿದರೆ ವಿಡಿಯೋ ಕರೆಯಲ್ಲಿ ಅವರೊಡನೆ ಮಾತಾಡಬೇಕಿತ್ತು.

ನಾರ್ಮನ್ನರೆಂದರೆ ಉತ್ತರದ ಕಡಲಿನಿಂದ ಬಂದು ಫ್ರಾನ್ಸಿನ ಕರಾವಳಿಯಲ್ಲಿ ನೆಲೆಸಿದವರು. ಕೆಲವೇ ತಲೆಮಾರಿನಲ್ಲಿ ಸ್ವಂತ ಭಾಷೆ ಮರೆತು ಫ್ರೆಂಚ್ ಆಡತೊಡಗಿದರು. 1066ರಲ್ಲಿ ಇಂಗ್ಲೆಂಡನ್ನು ಗೆದ್ದರು. ಆಮೇಲೆ ಸೋತ ಇಂಗ್ಲಿಷರೇ ಅಜ್ಜ ಅಜ್ಜಿಯರ ಹೆಸರುಗಳನ್ನು ಕೈಬಿಟ್ಟು ಮಕ್ಕಳಿಗೆ ವಿಲಿಯಂ, ರಾಬರ್ಟ್ ಎಂದು ಇಡಲು ಶುರುಮಾಡಿದರು. ತರಗತಿಯಲ್ಲಿ ಇದನ್ನು ನಾನು ತಮಾಷೆಯಾಗಿ ಹೇಳುತ್ತಿದ್ದೆ. ನನ್ನ ಮಗನಿಗೆ ನೀಲ್ ಎಂದು ಹೆಸರಿಟ್ಟವಳು ನಾನು. ನಗುವುದಕ್ಕೆ ನನಗೇನು ಹಕ್ಕಿತ್ತೋ ಗೊತ್ತಿಲ್ಲ.

ಪಟ್ಟಿಯ ಹೆಸರುಗಳ ಅರ್ಥ ಬಹುಪಾಲು ಸಾದಾ. ನೆವಿಲ್ ಎಂದರೆ ಹೊಸ ಊರು. ಗ್ರಾಂಟ್ ಎಂದರೆ ದೊಡ್ಡವನು. ರಸೆಲ್ ಎಂದರೆ ಕೆಂಚ. ನಮ್ಮ ಕೆಂಚಪ್ಪನೇ ಟೈ ಕಟ್ಟಿಕೊಂಡರೆ ರಸೆಲ್. ಮ್ಯಾಲರಿ ಹಾಗಲ್ಲ. ಅದು ಹಳೆಯ ಫ್ರೆಂಚಿನಲ್ಲಿ ‘ದುರದೃಷ್ಟದವನು, ಅಪಶಕುನದವನು’ ಎಂದು ಯಾರನ್ನೋ ಅಣಕಿಸಲು ಹುಟ್ಟಿದ ಅಡ್ಡಹೆಸರು. ನಾರ್ಮನ್ನರ ಜೊತೆ ಇಂಗ್ಲೆಂಡಿಗೆ ಬಂದು ಮನೆತನದ ಹೆಸರಾಯಿತು, ಬಹಳ ಕಾಲದ ಮೇಲೆ ಹೆಣ್ಣುಮಕ್ಕಳ ಹೆಸರಾಯಿತು. ನಾನು ಹಾಗೆಯೇ ಬರೆದೆ. ನಮ್ಮ ಮ್ಯಾನೇಜರ್ ಹೆದರ್ ಅದನ್ನು ವಾಪಸ್ ಕಳಿಸಿದಳು.

“ದುಃಖದ ಅರ್ಥವನ್ನು ಯಾರೂ ಕ್ಲಿಕ್ ಮಾಡುವುದಿಲ್ಲ. ಸ್ವಲ್ಪ ಮೃದು ಮಾಡಿ,” ಎಂದಳು.

ಎರಡು ದಿನ ವಾದ ಮಾಡಿದೆ. ಮೂರನೆಯ ದಿನ ಸೋತೆ. ಸೋತದ್ದಕ್ಕಿಂತ ನಾಚಿಕೆಯ ಸಂಗತಿ ಎಂದರೆ ಸೋತ ಮೇಲೆ ಕೆಲಸವನ್ನು ಬಹಳ ಅಚ್ಚುಕಟ್ಟಾಗಿ ಮಾಡಿದೆ. ದುರದೃಷ್ಟವನ್ನು ಹಿಂದೆ ಮುಂದೆ ಮಾಡಿ, ತಿರುಗಿಸಿ, ‘ವಿಧಿಗೆ ಹೆದರದವಳು’ ಎಂದು ಬರೆದೆ. ಹೆದರ್ ಚಪ್ಪಾಳೆ ತಟ್ಟಿದಳು. ಆ ಸಂಜೆ ಮನೆಗೆ ಬರುವಾಗ ನನಗೂ ಖುಷಿಯಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಒಂದು ತಿಂಗಳ ನಂತರ ಥಾರ್ನ್‌ಕ್ಲಿಫ್ ಪಾರ್ಕ್ ಬಡಾವಣೆಯ ಅಪಾರ್ಟ್‌ಮೆಂಟಿನಿಂದ ಒಂದು ಕರೆ ಬಂತು. ಸಲಹೆಗಾರರ ಪಟ್ಟಿಯಲ್ಲಿ ಕನ್ನಡದ ಹೆಸರು ಕಂಡು ನನ್ನನ್ನೇ ಆರಿಸಿದ್ದರು. ಗಂಡ ಸಂಗಮೇಶ, ಹೆಂಡತಿ ಗೀತಾ, ಹದಿನೆಂಟು ದಿನದ ಹೆಣ್ಣುಕೂಸು. ಬಾಣಂತನಕ್ಕೆಂದು ಗದಗದಿಂದ ಸಂಗಮೇಶನ ತಾಯಿ ಮಲ್ಲವ್ವ ಬಂದಿದ್ದರು. ಸಂಗಮೇಶ ಇಲ್ಲಿಗೆ ಕಾಲೇಜಿಗೆಂದು ಬಂದವನು. ಓದುವಾಗ ಕಾಫಿ ಅಂಗಡಿಯ ಶಿಫ್ಟಿನಲ್ಲಿ ಅವನ ಅಂಗಿಯ ಮೇಲೆ ‘ಸ್ಯಾಮ್’ ಎಂಬ ಬ್ಯಾಡ್ಜು ಚುಚ್ಚಿದ್ದರಂತೆ.

“ನನ್ನ ಹೆಸರ ಯಾರ ಬಾಯಾಗೂ ಸುದ್ದ ಬರ್ಲಿಲ್ರಿ ಮೇಡಂ. ನನ್ನ ಮಗಳಿಗಿ ಆ ತ್ರಾಸ ಬ್ಯಾಡ,” ಎಂದ.

ಮಗು ಹುಟ್ಟಿದ್ದು ಮಖಾ ನಕ್ಷತ್ರದಲ್ಲಿ. ಹೆಸರು ‘ಮ’ ಅಕ್ಷರದಿಂದ ಶುರುವಾಗಬೇಕೆಂದು ಊರಿನ ಸ್ವಾಮಿಗಳು ಫೋನಿನಲ್ಲಿ ಹೇಳಿದ್ದರು. ಗೀತಾಗೆ ಅತ್ತೆಯ ಹೆಸರನ್ನೇ ಇಡುವ ಆಸೆ. ಗಂಡ ಹೆಂಡತಿ ಹುಡುಕಿ ಹುಡುಕಿ ನಮ್ಮ ವೆಬ್‌ಸೈಟಿನಲ್ಲಿ ಮ್ಯಾಲರಿಯನ್ನು ಕಂಡಿದ್ದರು. ಹೊರಗೆ ಮ್ಯಾಲರಿ, ಮನೆಯಲ್ಲಿ ಮಲ್ಲಿ; ಎಲ್ಲರಿಗೂ ಸಮಾಧಾನ.

“ಅರ್ಥ ಒಂದ್ಸಲ ನಿಮ್ಮ ಬಾಯಿಲೆ ಕೇಳೂಣು ಅಂತ ಮಾಡೀವ್ರಿ,” ಎಂದಳು ಗೀತಾ. “ಅದರ ಅರ್ಥ ಚಲೋ ಇಲ್ಲಂದ್ರ ಬ್ಯಾಡ. ಸೀದಾ ಮಲ್ಲವ್ವ ಅಂತನ ಇಡ್ತೀವಿ. ಇವ್ರೂ ಒಪ್ಯಾರ.”

ಅಷ್ಟರಲ್ಲಿ ಮಲ್ಲವ್ವ ಕೂಸನ್ನು ಎತ್ತಿಕೊಂಡು ಪರದೆಯ ಮುಂದೆ ಬಂದು ಕೂತರು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಗಂಡ ತೀರಿಕೊಂಡ ಹೆಂಗಸು. ಕಾಲುಗುಣ ಸರಿಯಿಲ್ಲ ಎಂದು ಅತ್ತೆಮನೆಯವರು ಅನ್ನುತ್ತಿದ್ದರಂತೆ. ಮೂವತ್ತು ವರ್ಷ ಯಾವ ತೊಟ್ಟಿಲ ಹತ್ತಿರವೂ ಅವರನ್ನು ಬಿಟ್ಟಿರಲಿಲ್ಲ. ಅವರ ಹೆಸರನ್ನು ಮನೆತನದ ಯಾವ ಮಗುವಿಗೂ ಇಟ್ಟಿರಲಿಲ್ಲ. ಇದನ್ನೆಲ್ಲ ಅವರು ದೂರುವ ಧಾಟಿಯಲ್ಲಿ ಹೇಳಲಿಲ್ಲ, ಹವಾಮಾನ ಹೇಳುವಂತೆ ಹೇಳಿದರು. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ ಇಲ್ಲಿರಲಿಲ್ಲ. ನೀವೇ ಹೇಳಬೇಕು ಎಂದು ಸೊಸೆ ಹಟ ಹಿಡಿದಿದ್ದಳು.

“ನಾ ಹೇಳಬಹುದೇನ್ರಿ ಅಕ್ಕಾರ? ಆ ಹೆಸರಿನ ಅರ್ಥರ ಏನ್ರಿ?” ಎಂದು ಕೇಳಿದರು.

ಆ ಕರೆಯನ್ನು ಕಂಪನಿಯ ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಹೆದರ್ ರಜೆಯಲ್ಲಿದ್ದಳು. ನಿಜ ಹೇಳಿದ್ದರೆ ನನ್ನ ಒಂದು ಕೂದಲೂ ಕೊಂಕುತ್ತಿರಲಿಲ್ಲ. ಆದರೆ ಆ ಮುಖ ನೋಡಿ ‘ಅಪಶಕುನ’ ಎಂಬ ಮಾತು ಆಡಲು ನನ್ನಿಂದಾಗಲಿಲ್ಲ. ಅದನ್ನು ದಯೆ ಎಂದುಕೊಂಡೆ. ಹೇಡಿತನ ಎಂಬ ಪದ ಆಗ ಹೊಳೆಯಲಿಲ್ಲ.

“ವಿಧಿಗೆ ಹೆದರದವಳು ಅಂತ ಅರ್ಥ, ಮಲ್ಲವ್ವನವರೆ. ಧಾರಾಳವಾಗಿ ನೀವೇ ಹೇಳಿ,” ಎಂದೆ.

ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. “ನನ್ನ ನೋಡೇ ಬರದಂಗ ಐತಲ್ರಿ!”

ಭಾನುವಾರ ತೊಟ್ಟಿಲು ಹಾಕಿದರು. ಫೋಟೋ ಕಳಿಸಿದರು. ಮಲ್ಲವ್ವ ತೊಟ್ಟಿಲ ಮೇಲೆ ಬಾಗಿ ಕೂಸಿನ ಕಿವಿಗೆ ಬಾಯಿಟ್ಟಿದ್ದರು. ಮರುದಿನ ಸಂಗಮೇಶ ಜನನ ನೋಂದಣಿ ಮಾಡಿಸಿದ. ನಾನು ಆ ಫೋಟೋವನ್ನು ಎರಡು ಮೂರು ಗೆಳತಿಯರಿಗೆ ತೋರಿಸಿ ಬೀಗಿದೆ ಕೂಡ.

ನಾಲ್ಕು ತಿಂಗಳ ನಂತರ ಮಗುವಿಗೆ ಶೀತ ಎದೆಗಿಳಿದು ಉಸಿರಾಟದ ತೊಂದರೆಯಾಯಿತು. ಐದು ದಿನ ಆಸ್ಪತ್ರೆಯಲ್ಲಿತ್ತು. ಚಳಿಗಾಲದಲ್ಲಿ ಇಲ್ಲಿನ ಎಷ್ಟೋ ಕೂಸುಗಳಿಗೆ ಬರುವ ಕಾಯಿಲೆ ಅದು, ಚೆನ್ನಾಗಿಯೇ ಗುಣವಾಯಿತು. ಆದರೆ ಮೂರನೆಯ ದಿನ ಔಷಧಿ ಕೊಡಲು ಬಂದ ನರ್ಸ್ ಮಗುವಿನ ಕೈಪಟ್ಟಿಯ ಮೇಲಿನ ಹೆಸರು ಓದಿ, “ನನ್ನ ತಂಗಿಯೂ ಮ್ಯಾಲರಿ. ನತದೃಷ್ಟೆ ಅಂತ ಅರ್ಥ ಗೊತ್ತಾ? ಮನೆಯಲ್ಲಿ ಎಲ್ಲರೂ ಅವಳನ್ನು ರೇಗಿಸ್ತೀವಿ,” ಎಂದು ನಗುತ್ತಾ ಹೇಳಿ ಹೋದಳು. ಅವಳದೇನೂ ತಪ್ಪಿಲ್ಲ. ಅವಳು ಹೇಳಿದ್ದು ನಿಜ. ಪಕ್ಕದಲ್ಲಿ ಕೂತಿದ್ದ ಮಲ್ಲವ್ವ, ಆಕೆ ಏನೆಂದಳು ಎಂದು ಮಗನನ್ನು ಕೇಳಿದರು. ಮಗ ಮೊದಲು ಹೇಳಲಿಲ್ಲ. ಅವರು ಬಿಡಲಿಲ್ಲ.

ಆ ಹೊತ್ತಿನಿಂದ ಮಲ್ಲವ್ವ ಮೊಮ್ಮಗಳನ್ನು ಮುಟ್ಟಲಿಲ್ಲ. ಹಾಲು ಕಾಸಿಕೊಟ್ಟರು, ಬಟ್ಟೆ ಒಗೆದರು, ಎತ್ತಿಕೊಳ್ಳಲಿಲ್ಲ. ಸಂಗಮೇಶ ಫೋನ್ ಮಾಡಿ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವನು ಬೈಯಲಿಲ್ಲ.

“ಒಮ್ಮೆ ಬಂದ್ ಅವ್ವನ ಕೂಡ ಮಾತಾಡ್ರಿ ಮೇಡಂ. ನಮ್ಮ ಮಾತ ಕೇಳವಲ್ಲಳು,” ಎಂದ.

ಹೋದೆ. ಹದಿನಾಲ್ಕನೆಯ ಮಹಡಿ. ಗೀತಾ ಚಹಾ ಕೊಟ್ಟು ಕೂಸನ್ನು ಎತ್ತಿಕೊಂಡು ಒಳಕೋಣೆಗೆ ಹೋದಳು. ಮಲ್ಲವ್ವ ಕಿಟಕಿಯ ಹತ್ತಿರ ನೆಲದ ಮೇಲೆ ಕೂತಿದ್ದರು. ಹೆಸರಿಗೂ ಕಾಯಿಲೆಗೂ ಸಂಬಂಧವಿಲ್ಲ ಎಂದು ನಾನು ಬಹಳ ಹೊತ್ತು ಹೇಳಿದೆ. ಟೀಚರ್ ಅಲ್ಲವೇ, ಉದಾಹರಣೆಗಳನ್ನೂ ಕೊಟ್ಟೆ. ಅವರು ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

“ನಿಮಗ ಅವತ್ತ ಗೊತ್ತಿತ್ತೇನ್ರಿ ಅಕ್ಕಾರ?”

“ಗೊತ್ತಿತ್ತು,” ಎಂದೆ.

ಒಳಗೆ ಕೂಸು ಅತ್ತಿತು. ಮಲ್ಲವ್ವನವರ ಎರಡೂ ಕೈ ಮುಂದಕ್ಕೆ ಬಂದು, ಮತ್ತೆ ಮಡಿಲಿಗೆ ಹೋದವು.

“ಊರ ಮಂದಿ ನನ್ನ ಅಪಶಕುನ ಅಂತಿದ್ರು. ಅವ್ರ ಬಾಯಾಗಿನ ಮಾತ ಅವ್ರ ಬಾಯಾಗ ಇತ್ರಿ. ನೀವು ಅದನ್ನ ನನ್ನ ಬಾಯಿಲೆ ನನ್ನ ಕೂಸಿನ ಕಿವ್ಯಾಗ ಹೇಳಿಸಿದ್ರಿ.”

ಕ್ಷಮೆ ಕೇಳಿದೆ. ಹೆಸರು ಬದಲಾಯಿಸಲು ಅರ್ಜಿಯಿದೆ, ನಾನೇ ತುಂಬಿಕೊಡುತ್ತೇನೆ, ಈಗಲಾದರೂ ಮಲ್ಲವ್ವ ಎಂದೇ ಇಡಿಸೋಣ ಎಂದೆ.

“ಬ್ಯಾಡ್ರಿ. ಇನ್ನ ನನ್ನ ಹೆಸರ ಬ್ಯಾಡ. ನೀವು ಅವತ್ತ ಖರೇ ಹೇಳಿದ್ರ ಇಡತಿದ್ರು. ನಾನೂ ಬ್ಯಾಡ ಅಂತಿದ್ದಿಲ್ಲ,” ಎಂದರು.

ಅರ್ಜಿಯನ್ನು ನಾನೇ ತುಂಬಿದೆ. ಸಂಗಮೇಶ ಆರಿಸಿದ ಹೊಸ ಹೆಸರು ಎಮ್ಮಾ. ಅದನ್ನು ಇಂಗ್ಲೆಂಡಿಗೆ ತಂದವರೂ ನಾರ್ಮನ್ನರೇ. ನಕ್ಷತ್ರದ ಅಕ್ಷರದ ಮಾತನ್ನು ಯಾರೂ ಎತ್ತಲಿಲ್ಲ. ಅರ್ಥ ಏನೆಂದು ನನ್ನನ್ನು ಯಾರೂ ಕೇಳಲಿಲ್ಲ. ವೀಸಾ ಇನ್ನೂ ಎರಡು ತಿಂಗಳಿದ್ದಾಗಲೇ ಮಲ್ಲವ್ವ ಗದಗಕ್ಕೆ ಹೊರಟುಹೋದರು.

ಕೆಲಸ ಬಿಟ್ಟ ದಿನ ಪಟ್ಟಿಯನ್ನು ತೆರೆದು ಮ್ಯಾಲರಿಯ ಮುಂದೆ ‘ದುರದೃಷ್ಟದವಳು’ ಎಂದು ತಿದ್ದಿದೆ. ಸಂಜೆಯೊಳಗೆ ಹೆದರ್ ಅದನ್ನು ಮೊದಲಿನಂತೆ ಮಾಡಿದ್ದಳು. ಈಗಲೂ ಅಲ್ಲಿ ನನ್ನ ವಾಕ್ಯವೇ ಇದೆ, ಬಹಳ ಜನ ಮೆಚ್ಚಿದ್ದಾರೆ.

ಕೇಳಿದವರಿಗೆ ನೋವಾದೀತು ಎಂದು ನಿಜವನ್ನು ತಿದ್ದುವುದು ಪರಿಶೀಲಕಿಯ ಕೆಲಸವಲ್ಲ ಎಂಬುದು ಆ ನೌಕರಿ ಕಲಿಸಿದ ಪಾಠ. ಇಪ್ಪತ್ತೇಳು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವಳಿಗೆ ಇದು ಮೊದಲೇ ಗೊತ್ತಿರಬೇಕಿತ್ತು. ಮಲ್ಲವ್ವ ಅವತ್ತು ನನ್ನಿಂದ ಒಳ್ಳೆಯ ಅರ್ಥವನ್ನು ಕೇಳಿರಲಿಲ್ಲ, ಅರ್ಥವನ್ನಷ್ಟೇ ಕೇಳಿದ್ದರು. ನಾನು ಹೇಳಿದ್ದರೆ ಥಾರ್ನ್‌ಕ್ಲಿಫ್ ಪಾರ್ಕಿನ ಆ ಹದಿನಾಲ್ಕನೆಯ ಮಹಡಿಯಲ್ಲಿ ಇವತ್ತು ಮಲ್ಲವ್ವ ಎಂಬ ಹುಡುಗಿ ಓಡಾಡಿಕೊಂಡಿರುತ್ತಿದ್ದಳು.