ನಾನು ಬಿಚ್ಚಿದ ಕೆಂಪು ದಾರ

ಕಳೆದ ತಿಂಗಳು ರಕ್ತ ಪರೀಕ್ಷೆಗೆ ಹೋದಾಗ ನರ್ಸ್ ನನ್ನ ತೋಳಿಗೆ ಸ್ಪಿರಿಟ್ ಹತ್ತಿ ಒರೆಸಿದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಕಾ ನೆನಪಾದರು... ಸೂಜಿ ಚುಚ್ಚಿದ್ದೂ ಗೊತ್ತಾಗಲಿಲ್ಲ.

ಕೇಂದ್ರದಲ್ಲಿ ಎಲ್ಲರೂ ಕಾಕಾ ಎಂದೇ ಕರೆಯುತ್ತಿದ್ದ ಅವರು ಭಾಲ್ಕಿ ಕಡೆಯ ಮೆಹಕರ ಎಂಬ ಊರಿನವರು. ನೆಲದಡಿಯ ಕೇಬಲ್ ತುಂಡಾದಾಗ ಜಾಯಿಂಟ್ ಹಾಕುವುದು ಅವರ ಕೆಲಸ, ಗುತ್ತಿಗೆ ಮೇಲಿದ್ದರು. ಕೂದಲಿನಷ್ಟು ಸಣ್ಣ ಗಾಜಿನ ಎಳೆಗಳನ್ನು ಸ್ಪಿರಿಟ್‌ನಿಂದ ಒರೆಸಿ, ಉಸಿರು ಬಿಗಿಹಿಡಿದು ಬೆಸೆಯುತ್ತಿದ್ದರು. ಆ ಎಳೆಗಳ ಬೆಳಕಿನ ಮೇಲೆ ಕಂಪನಿಗಳ ಈಥರ್ನೆಟ್ ಮಾಹಿತಿ ಸರಿಯಾಗಿ ಹರಿಯುವಂತೆ ನೋಡಿಕೊಳ್ಳುವ ಹೊಸ ಇಂಜಿನಿಯರ್ ಆಗ ನಾನು, ಬೀದರಿನ ದೂರಸಂಪರ್ಕ ಕೇಂದ್ರದಲ್ಲಿ. ನಮ್ಮ ಜಾಲ ಬೀದರ, ಭಾಲ್ಕಿ, ಔರಾದಗಳನ್ನು ಉಂಗುರದಂತೆ ಸುತ್ತಿಕೊಂಡಿತ್ತು. ಭಾಲ್ಕಿಯ ನೇರ ದಾರಿ ಕಡಿದರೆ ಮಾಹಿತಿ ಸಂಚಾರ ತಾನಾಗಿಯೇ ಔರಾದ ಸುತ್ತಿ ಭಾಲ್ಕಿ ಮುಟ್ಟಬೇಕು. ಔರಾದ ಕಡೆ ದುರಸ್ತಿ ನಡೆದಾಗ ಮಾತ್ರ ಅತ್ತ ಹೊರಳದಂತೆ ಲಾಕ್ ಹಾಕುತ್ತಿದ್ದೆವು. ಲಾಕ್ ಇರುವಷ್ಟು ಹೊತ್ತು ಕಪಾಟಿನೊಳಗಿನ ಯಂತ್ರದ ಹಿಡಿಕೆಗೆ ಕೆಂಪು ದಾರ ಕಟ್ಟಿರಬೇಕು, ತೆಗೆದ ಮೇಲೆ ಬಿಚ್ಚಬೇಕು. ಈ ಪದ್ಧತಿ ಕಾಕಾ ಅವರದೇ.

“ಕಂಪ್ಯೂಟರ್ ನೋಡ್ಲಿಕ್ಕಿ ನನಗ ಬರಂಗಿಲ್ರಿ ಸಾಹೇಬ್ರ. ದಾರ ಸುಳ್ಳು ಹೇಳಂಗಿಲ್ಲ,” ಎನ್ನುತ್ತಿದ್ದರು.

ಅದು ಸತತ ಎರಡನೇ ಬರದ ವರ್ಷ. ಮೆಹಕರದ ಎಷ್ಟೋ ಮನೆಗಳು ಬೀಗ ಹಾಕಿಕೊಂಡು ಪುಣೆ, ಹೈದರಾಬಾದ್ ದಾರಿ ಹಿಡಿದಿದ್ದವು. ಕಾಕಾ ಊರಲ್ಲಿ ಉಳಿದದ್ದು ಈ ಕೆಲಸವಿದ್ದುದರಿಂದಲೇ. ಅವರು ಔರಾದ ಕಡೆ ಹೊಸ ಜಾಯಿಂಟ್ ಹಾಕಿದ ದಿನ ನಾನು ಲಾಕ್ ಹಾಕಿದೆ, ದಾರವನ್ನೂ ಕಟ್ಟಿದೆ. ಕೆಲಸ ಮುಗಿಯಿತೆಂದು ಅವರು ಫೋನ್ ಮಾಡಿದಾಗ ಊಟಕ್ಕೆ ಕುಳಿತಿದ್ದೆ. ಲಾಕ್ ಆಮೇಲೆ ತೆಗೆದರಾಯಿತು ಎಂದುಕೊಂಡೆ... ಕಪಾಟಿನ ಬಾಗಿಲು ಮುಚ್ಚಿತ್ತು, ಮರೆತೇಬಿಟ್ಟೆ.

ವಾರದೊಳಗೆ, ಭಾಲ್ಕಿ ರಸ್ತೆಯಲ್ಲಿ ಕುಡಿಯುವ ನೀರಿನ ಪೈಪಿಗೆಂದು ಅಗೆಯುತ್ತಿದ್ದ ಜೆಸಿಬಿ ನಮ್ಮ ಕೇಬಲ್ ಕಿತ್ತುಹಾಕಿತು. ಸಂಚಾರ ಔರಾದ ಕಡೆ ಹೊರಳಲಿಲ್ಲ. ಬೀದರ ಪಕ್ಕದ ಕೊಳಾರದ ಬೇಳೆ ಕಾರ್ಖಾನೆಗೂ ಅದರ ಭಾಲ್ಕಿ ಗೋದಾಮಿಗೂ ಸಂಪರ್ಕ ಸತ್ತು ಲಾರಿಗಳು ನಿಂತುಬಿಟ್ಟವು. ಹೊಸ ಜಾಯಿಂಟೇ ಕೆಟ್ಟಿರಬೇಕೆಂದು ದೊಡ್ಡ ಸಾಹೇಬರು ಕಾಕಾ ಅವರನ್ನು ಔರಾದಿಗೆ ಓಡಿಸಿದರು. ಆಮೇಲೆ ನಾನು ಕಪಾಟು ತೆರೆದರೆ ದಾರ ಅಲ್ಲಿಯೇ ಇತ್ತು.

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಜಾಯಿಂಟ್ ಬಿಚ್ಚಿ ಮತ್ತೆ ಹಾಕಿದೆನೆಂದು ಕಾಕಾ ಫೋನ್ ಮಾಡುವವರೆಗೂ ಕಾದೆ. ಅವರ ಮಾತು ಮುಗಿದ ಕೂಡಲೇ ಲಾಕ್ ತೆಗೆದೆ. ಸಂಚಾರ ಹರಿಯಿತು. ದಾರ ಬಿಚ್ಚಿ ಜೇಬಿಗೆ ತುರುಕಿದೆ.

ಸಂಜೆ ಕಾಕಾ ಕೇಂದ್ರಕ್ಕೆ ಬಂದರು. ದೊಡ್ಡ ಸಾಹೇಬರ ಬೈಗುಳವನ್ನೆಲ್ಲ ತಲೆ ತಗ್ಗಿಸಿ ಕೇಳಿ, ನೇರ ಕಪಾಟಿನ ಹತ್ತಿರ ಹೋಗಿ ಹಿಡಿಕೆ ನೋಡಿದರು.

“ದಾರ ಇಲ್ರಿ. ಅಂದ್ರ ಲಾಕೂ ಇದ್ದಿಲ್ಲ, ತಪ್ಪು ನನ್ನ ಕೈದೇ ಅದರಿ,” ಎಂದರು.

ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದೂ ಸುಳ್ಳು. ಅವರನ್ನು ಕೆಲಸದಿಂದ ತೆಗೆದರು. ತಿಂಗಳು ಕಳೆಯುವುದರೊಳಗೆ ಗಂಡ ಹೆಂಡತಿ ಪುಣೆಗೆ ಹೊರಟುಹೋದರು.

ಕಳೆದ ತಿಂಗಳು ಸ್ಪಿರಿಟ್ ವಾಸನೆ ಬಡಿದ ಆ ವಾರವೇ ಮೆಹಕರಕ್ಕೆ ಹೋದೆ. ಕಾಕಾ ತೀರಿಕೊಂಡಿದ್ದರು. ಊರಿಗೆ ಮರಳಿದ್ದ ಅವರ ಹೆಂಡತಿ, ಕಾಕು, ನನ್ನ ಗುರುತು ಹಿಡಿದು ಚಹಾ ಇಟ್ಟರು.

“ಪುಣೆದಾಗ ಇದೇ ಕೆಲಸಕ್ಕ ಕರದಿದ್ರುರಿ. ಹೋಗ್ಲಿಲ್ರಿ. ನನ್ನ ಕೈ ಮ್ಯಾಲ ನನಗೇ ಭರೋಸಾ ಇಲ್ಲ ಅಂದ್ರು. ಕಡೀತನಕ ಕಟ್ಟಡದ ಕೆಲಸದಾಗ ಇಟ್ಟಂಗಿನೇ ಹೊತ್ರು,” ಎಂದರು.

ಇಷ್ಟು ವರ್ಷ ಎತ್ತಿಟ್ಟುಕೊಂಡಿದ್ದ ಆ ದಾರ ನನ್ನ ಜೇಬಿನಲ್ಲೇ ಇತ್ತು. ಹೇಳಲೆಂದೇ ಹೋದವನು ಚಹಾ ಕುಡಿದು ಎದ್ದು ಬಂದೆ... ಇಂದು ದಾರವನ್ನು ಮೇಜಿನ ಮೇಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ನಾಳೆ ಈ ಹಾಳೆ ಹಿಡಿದು ಮತ್ತೆ ಮೆಹಕರಕ್ಕೆ ಹೋಗಬೇಕು, ಕಾಕು ಎದುರು ಓದಬೇಕು. ಆದರೆ ಇದನ್ನು ಕೇಳಬೇಕಾಗಿದ್ದವರು ಈಗಿಲ್ಲ.

ಔರಾದ ಜಾಯಿಂಟ್ ಮೊದಲ ಸಲವೇ ಸರಿಯಾಗಿತ್ತು, ಕಾಕಾ.