ಹುಣಸೆಹುಳಿಯಲ್ಲಿ ತೊಳೆದ ಕಾಲಾಣೆ

ಎಪ್ಪತ್ತೊಂದನೆಯ ಬರ್ತ್‌ಡೇಗೆ ಏನು ಬೇಕೆಂದು ಮಗಳು ಕೇಳಿದಾಗ ಮೆಟಲ್ ಡಿಟೆಕ್ಟರ್ ಎಂದೆ. ಕಿವಿಯೋಲೆ ಕೇಳುತ್ತೇನೆ ಎಂದುಕೊಂಡಿದ್ದಳು ಅವಳು.

"ಮಮ್ಮಾ, ಲೋಗ್ ಕ್ಯಾ ಬೋಲೇಂಗೆ?"

ಮುಂಬೈ ಬಳಿಯ ಡೊಂಬಿವ್ಲಿಯಲ್ಲಿ ಹುಟ್ಟಿ ಬೆಳೆದವಳು. ಕನ್ನಡದಲ್ಲಿ ಬೈದರೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

"ಜನ ಎಂತ ಬೇಕಾದ್ರೂ ಹೇಳಲಿ. ನೀನು ಮೆಷಿನ್ ತರಿಸಿಕೊಡು" ಎಂದೆ.

ಈ ಆಸೆ ಹಳೆಯದು. ಮಂಗಳೂರಿನ ಕಾನ್ವೆಂಟಿನಲ್ಲಿ ಓದುವಾಗ ಒಮ್ಮೆ ಪ್ಲೇಗ್ರೌಂಡಿನ ಮಣ್ಣು ಕೆದಕಿ ಹಳೆಯ ಕಾಸೊಂದನ್ನು ಹೆಕ್ಕಿದ್ದೆ. ಸಿಸ್ಟರ್ ಅದನ್ನು ತೆಗೆದುಕೊಂಡು ತಮ್ಮ ಜೇಬಿಗೆ ಹಾಕಿ, ನನ್ನ ಕೈಯನ್ನು ಇಡೀ ಕ್ಲಾಸಿಗೆ ಎತ್ತಿ ತೋರಿಸಿದರು. ಲೇಡಿಯ ಉಗುರು ಯಾವಾಗಲೂ ಕ್ಲೀನಾಗಿರಬೇಕಂತೆ. ಆ ಕಾಸು ಏನಾಯಿತೋ. ನನ್ನ ಉಗುರು ಮಾತ್ರ ಅರವತ್ತು ವರ್ಷ ಕ್ಲೀನಾಗಿಯೇ ಇತ್ತು.

ಮೆಷಿನ್ ಎಂದರೆ ಉದ್ದದ ಕೋಲು, ತುದಿಗೊಂದು ತಟ್ಟೆಯಂಥ ಚಕ್ರ. ಮಣ್ಣಿನಡಿ ಲೋಹವಿದ್ದರೆ ಕೂಗುತ್ತದೆ. ಅದನ್ನು ಹಿಡಿದು ಭಾನುವಾರ ಬೆಳಿಗ್ಗೆ ಠಾಣೆಯಲ್ಲಿ ಟಿಟ್ವಾಳಾ ಲೋಕಲ್ ಹತ್ತಿದರೆ ಲೇಡೀಸ್ ಡಬ್ಬಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: "ಕಾಯ್ ಹೋ ಆಂಟಿ, ವ್ಯಾಕ್ಯೂಮ್ ಕ್ಲೀನರ್ ಘೇವುನ್ ಕುಠೆ?" ವ್ಯಾಕ್ಯೂಮ್ ಕ್ಲೀನರ್ ಹಿಡಿದು ಎಲ್ಲಿಗೆ ಎಂದರೆ, ಗದ್ದೆ ಗುಡಿಸಲಿಕ್ಕೆ ಎನ್ನುತ್ತೇನೆ. ನಕ್ಕು ಜಾಗ ಕೊಡುತ್ತಾರೆ.

ಟಿಟ್ವಾಳಾದಲ್ಲಿ ನಾನು ಹುಡುಕುವ ಗದ್ದೆಯವಳು ನನ್ನದೇ ವಯಸ್ಸಿನ, ಅಲ್ಲಿಯ ಆಗ್ರಿ ಸಮುದಾಯದ ಹೆಂಗಸು. ನಾನು ಅವಳಿಗೆ ಮಾವ್ಶಿ, ಅಂದರೆ ಚಿಕ್ಕಮ್ಮ, ಎನ್ನುತ್ತೇನೆ, ಅವಳು ನನಗೆ ಮ್ಯಾಡಮ್. ಗದ್ದೆ ಬಿಲ್ಡರನಿಗೆ ಹೋಗಿದೆ, ಮಳೆಗಾಲದೊಳಗೆ ಮಣ್ಣು ತುಂಬಿಸುತ್ತಾರೆ. ಅಲ್ಲಿಯವರೆಗೆ ಹುಡುಕು ಎಂದು ಮರಾಠಿಯಲ್ಲಿ ಎರಡೇ ಕರಾರು ಹಾಕಿದಳು. ತೋಡಿದ ಗುಂಡಿ ಮುಚ್ಚಬೇಕು, ಸಿಕ್ಕಿದ್ದನ್ನು ಮೊದಲು ಅವಳಿಗೆ ತೋರಿಸಬೇಕು.

ನಾಲ್ಕು ಭಾನುವಾರ ಸಿಕ್ಕಿದ್ದು ಗುಟ್ಕಾದ ಬೇಗಡೆ ಚೀಟಿ, ಸೋಡಾ ಮುಚ್ಚಳ, ಮುರಿದ ಕುಡುಗೋಲಿನ ತುದಿ, ಎತ್ತಿನ ಲಾಳ. "ಇವತ್ತೇನು ಮ್ಯಾಡಮ್, ಗುಟ್ಕಾನೋ ಸೋಡಾ ಮುಚ್ಚಳವೋ?" ಎಂದು ಅವಳು ಜಗಲಿಯಿಂದಲೇ ಕೂಗುತ್ತಿದ್ದಳು.

ಐದನೆಯ ಭಾನುವಾರ ಬದುವಿನ ಮಗ್ಗುಲಲ್ಲಿ ಮೆಷಿನ್ ಬೇರೆಯೇ ದನಿಯಲ್ಲಿ ಕೂಗಿತು. ಗೇಣಾಳ ಅಗೆದೆ. ಹಸಿರು ಹಿಡಿದ ಬಿಲ್ಲೆ. ಓಡಲಾಗದ ಮಂಡಿಯಲ್ಲೂ ಓಡಿದೆ.

"ಶೀ! ನನ್ನ ಹೊಲದ ಲಕ್ಷ್ಮಿ ಇಷ್ಟು ಕೊಳೆಯಾಗಿ ಹೊರಡಬೇಕಾ?" ಎಂದು ಮಾವ್ಶಿ ಒಳಗಿನಿಂದ ಹುಣಸೆಹಣ್ಣು, ಉಪ್ಪು ತಂದಳು. ನಾನು ಹಿಂದೆಮುಂದೆ ನೋಡಲಿಲ್ಲ. ಚೌತಿಗೆ ಮೊದಲು ತಾಮ್ರದ ತಂಬಿಗೆಗಳನ್ನು ನಮ್ಮಲ್ಲೂ ತಿಕ್ಕುವುದು ಹಾಗೆಯೇ ಅಲ್ಲವೇ? ಬೋರಿಂಗ್ ಪಂಪಿನ ಬಳಿ ಕೂತು ಸರದಿಯಲ್ಲಿ ಉಜ್ಜಿದೆವು. ಕಿರೀಟ ತೊಟ್ಟ ರಾಜನ ತಲೆ ಮೇಲೆದ್ದಿತು. ಕಾಲಾಣೆ!

"ನನ್ನಪ್ಪನ ಎಲೆಅಡಿಕೆ ಚಂಚಿಯಲ್ಲಿ ಇಂಥದ್ದಿರುತ್ತಿತ್ತು" ಎಂದು ಅವಳು ತುಂಬ ಹೊತ್ತು ಅದನ್ನು ಅಂಗೈಯಲ್ಲಿ ಹಿಡಿದಿದ್ದಳು. ನೀನೇ ಇಟ್ಟುಕೋ ಎಂದೆ. "ನನ್ನ ಸೊಸೆ ಕಸದ ಜೊತೆ ಗುಡಿಸಿಬಿಡ್ತಾಳೆ. ನಾಲ್ಕು ಜನ ನೋಡೋ ಹಾಗೆ ಇಡು. ನಾನೂ ಬಂದು ನೋಡ್ತೇನೆ. ಹೊಲವಂತೂ ಇರೋದಿಲ್ಲ."

ಪ್ರಾಮಿಸ್ ಎಂದೆ. ಠಾಣೆಯ ಘೋಡಬಂದರ್ ರಸ್ತೆಯ ನಮ್ಮ ವಸತಿ ಕಾಂಪ್ಲೆಕ್ಸಿನ ಆ್ಯನ್ಯುಯಲ್ ಡೇಯಲ್ಲಿ ಹಳೆಯ ವಸ್ತುಗಳ ಪ್ರದರ್ಶನವಿತ್ತು.

ನಾಣ್ಯದ ಟೇಬಲ್ಲಿನ ಯಜಮಾನಿಕೆ ಬೆಂಗಳೂರಿನ ಒಬ್ಬ ರಿಟೈರ್ಡ್ ಮಹನೀಯರದು. ನಾಣ್ಯವನ್ನು ಅವರು ಗ್ಲೌಸಿಲ್ಲದೆ ಮುಟ್ಟುವವರಲ್ಲ. ಪ್ರದರ್ಶನದ ಹಿಂದಿನ ದಿನ ನನ್ನ ಕಾಲಾಣೆಯನ್ನು ಲೆನ್ಸಿನಡಿ ಹಿಡಿದವರೇ ಕೂತಲ್ಲಿಂದ ಎದ್ದರು.

"ಅಯ್ಯೋ ಮೇಡಂ! ಏನ್ ಮಾಡ್ಬಿಟ್ರಿ ಇದನ್ನ?"

"ಎಂತ ಮಾಡಿದ್ದು? ಹುಣಸೆಹುಳಿಯಲ್ಲಿ ತೊಳೆದದ್ದು."

"ಹುಣ್ಸೆಹಣ್ಣಲ್ಲಾ? ಇದೇನ್ ತಂಬಿಗೇನಾ? ಆ ಹಸಿರು ಪದರ ಕಟ್ಟೋಕೆ ಎಷ್ಟು ವರ್ಷ ಬೇಕು ಗೊತ್ತಾ? ಹತ್ತು ನಿಮಿಷದಲ್ಲಿ ಉಜ್ಜಿ ಹಾಕಿದೀರ. ನೋಡಿದವರು ನಗ್ತಾರೆ. ಟೇಬಲ್ ಮೇಲೆ ಇಡೋಕಾಗಲ್ಲ, ಬಿಡಿ, ನನ್ ಹತ್ರ ಇರ್ಲಿ."

ಅವರ ಕೈ ಅಂಗಿಯ ಜೇಬಿನತ್ತ ಹೋಯಿತು.

ಅವರು ಹೇಳಿದ್ದು ತಪ್ಪಲ್ಲ. ಹಳೆಯ ನಾಣ್ಯವನ್ನು ಉಜ್ಜಬಾರದು ಎಂಬುದು ಆ ಲೋಕದ ಮೊದಲ ಪಾಠವಂತೆ. ನನಗೆ ಗೊತ್ತಿರಲಿಲ್ಲ. ಆದರೆ ಅಂಥ ಜೇಬನ್ನು ನಾನು ಕಾನ್ವೆಂಟಿನಲ್ಲೇ ಒಮ್ಮೆ ನೋಡಿದ್ದೆ. ಮರುದಿನ ಮಾವ್ಶಿ ಬರುವವಳಿದ್ದಳು.

"ಕೊಡಿ ಇಲ್ಲಿ. ನೀವು ಹೇಳಿದ್ದು ಕರೆಕ್ಟ್ ಸರ್. ಆದ್ರೂ ಕಾಸು ಪ್ರದರ್ಶನದಲ್ಲಿ ಇರ್ತದೆ."

"ರೂಲ್ಸ್ ಇದೆ ಮೇಡಂ."

"ಟೇಬಲ್ಲಿಗೆ ಉಂಟು ರೂಲ್ಸ್. ನಾನು ಸ್ಟೂಲ್ ತರ್ತೇನೆ."

"ಈ ವಯಸ್ಸಲ್ಲಿ ಹಠ ಮಾಡ್ಬೇಡಿ."

"ಮತ್ತೆ ಯಾವ ವಯಸ್ಸಲ್ಲಿ ಮಾಡುದು?"

ಮರುದಿನ ಅವರ ಟೇಬಲ್ಲಿನ ಎದುರಿಗೇ ಸ್ಟೂಲ್ ಹಾಕಿ, ಸ್ಟೀಲ್ ಬಟ್ಟಲಲ್ಲಿ ಕಾಲಾಣೆ ಇಟ್ಟು, ಪಕ್ಕದಲ್ಲಿ ಕುರ್ಚಿ ಹಾಕಿ ಕೂತೆ. ಕಾನ್ವೆಂಟಿನ ಕರ್ಸಿವ್ ಅಕ್ಷರದಲ್ಲಿ ಇಂಗ್ಲಿಷಿನ ಲೇಬಲ್ಲನ್ನೂ ಬರೆದಿದ್ದೆ: ಟಿಟ್ವಾಳಾದ ಗದ್ದೆಯ ಕಾಲಾಣೆ, ಗದ್ದೆಯವಳೂ ನಾನೂ ಸೇರಿ ಹುಣಸೆಹುಳಿಯಲ್ಲಿ ತೊಳೆದದ್ದು. ಕೆಲವರು ಓದಿ ನಕ್ಕರು. ನಗಲಿ. ಉಗುರಿನ ಸಂದಿಯಲ್ಲಿ ಇನ್ನೂ ಮಣ್ಣಿತ್ತು, ಕೈ ಮಡಚಿಕೊಳ್ಳಲಿಲ್ಲ.

ಸಂಜೆ ಮಾವ್ಶಿ ಬಂದಳು, ಇಸ್ತ್ರಿ ಮಾಡಿದ ಕಚ್ಚೆ ಸೀರೆಯಲ್ಲಿ. ಬಟ್ಟಲಿಗೆ ಬಗ್ಗಿ ಕಾಲಾಣೆಯನ್ನು ಬೆರಳಿಂದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ತಿರುಗಿ ಎದುರಿನ ಟೇಬಲ್ಲಿನ ಪ್ಲಾಸ್ಟಿಕ್ ಕವರುಗಳಲ್ಲಿದ್ದ ಹಸಿರುಗಟ್ಟಿದ ನಾಣ್ಯಗಳನ್ನು ಒಂದೊಂದಾಗಿ ನೋಡಿ, ಹಾಲ್‌ನಲ್ಲಿದ್ದವರೆಲ್ಲ ಕೇಳುವಂತೆ ಮರಾಠಿಯಲ್ಲಿ ಅಂದಳು: "ಇವರಿಗೆ ಇದನ್ನೆಲ್ಲ ತೊಳೆದುಕೊಡಲು ಮನೆಯಲ್ಲಿ ಯಾರೂ ಇಲ್ಲವಾ?"

ಆ ಮಹನೀಯರಿಗೆ ಮರಾಠಿ ಅಷ್ಟಾಗಿ ಬರುವುದಿಲ್ಲ. ನಾನೇ ಎದ್ದು ಹೋಗಿ ಕನ್ನಡದಲ್ಲಿ ಹೇಳಿದೆ, ಒಂದು ಶಬ್ದವನ್ನೂ ಬಿಡದೆ.